ಕಟ್ಟಿಸೋರು ಒಬ್ಬರು, ನಡೆಸೋರು ಊರವರು
(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಸಂಘಕ್ಕೆ 25 ವರ್ಷ ತುಂಬಿದ ನೆನಪಿಗೆ ಒಂದು ವಾಚನಾಲಯ ಆಗಬೇಕು ಅಂತ ಮಾತು ಎದ್ದಿದೆ. ಊರಿನ ದಾನಿಯೊಬ್ಬರು ಕಟ್ಟಡದ ಖರ್ಚು ಕೊಡ್ತೀನಿ ಅಂದಿದ್ದಾರೆ. ಬಹಳ ಸಂತೋಷ. ಆದರೆ ಹೂಂ ಅನ್ನೋ ಮುಂಚೆ, ಇಂಥದೇ ಒಬ್ಬ ದಾನಿಯ ಕಥೆಯನ್ನು ನಾವು ಓದಿ ತಿಳಿದಷ್ಟು ತಮ್ಮ ಮುಂದೆ ಇಡುತ್ತೇವೆ.

ಸ್ಕಾಟ್ಲೆಂಡಿನ ಡನ್‌ಫರ್ಮ್ಲಿನ್ ನೇಕಾರರ ಊರು. ಅಲ್ಲಿ ಐದು ಜನ ನೇಕಾರರು ತಮ್ಮಲ್ಲಿದ್ದ ನಾಲ್ಕಾರು ಪುಸ್ತಕ ಒಟ್ಟುಗೂಡಿಸಿ ಊರವರಿಗೆ ಓದಲು ಕೊಡತೊಡಗಿದರು. ನಾವು ಷೇರು ಹಣ ಕೂಡಿಸಿದ ಹಾಗೇ ಅಲ್ಲವೇ? ಆ ಐವರಲ್ಲಿ ಒಬ್ಬರ ಮಗ ಆಂಡ್ರೂ ಕಾರ್ನೆಗಿ, ಹುಟ್ಟಿದ್ದು 1835ರಲ್ಲಿ. ಉಗಿಯಂತ್ರದ ಮಗ್ಗ ಬಂದು ಕೈಮಗ್ಗ ನಿಂತಿತು. 1848ರಲ್ಲಿ ಸಂಸಾರ ಅಮೆರಿಕಕ್ಕೆ ಹೋಯಿತು. ಹುಡುಗ ವಾರಕ್ಕೆ 1 ಡಾಲರ್ 20 ಸೆಂಟ್ ಕೂಲಿಗೆ ಹತ್ತಿ ಗಿರಣಿ ಸೇರಿದ. ಅಲ್ಲಿ ಕರ್ನಲ್ ಆಂಡರ್ಸನ್ ಎಂಬುವರು ತಮ್ಮ ಮನೆಯ ಸುಮಾರು 400 ಪುಸ್ತಕಗಳನ್ನು ಶನಿವಾರಗಳಂದು ದುಡಿಯುವ ಹುಡುಗರಿಗೆ ಎರವಲು ಕೊಡುತ್ತಿದ್ದರು. ಆ ಋಣವನ್ನು ಕಾರ್ನೆಗಿ ಮರೆಯಲಿಲ್ಲ. ಮುಂದೆ ಉಕ್ಕಿನ ಕಾರ್ಖಾನೆಗಳಿಂದ ಕೋಟ್ಯಧೀಶನಾದಾಗ ಸುಮಾರು 2,500 ಗ್ರಂಥಾಲಯಗಳಿಗೆ ಹಣ ಕೊಟ್ಟ. ಮೊದಲನೆಯದು ಹುಟ್ಟೂರಿನಲ್ಲೇ, 1883ರಲ್ಲಿ ತೆರೆಯಿತು.

ಆದರೆ ಸುಮ್ಮನೆ ಕೊಡಲಿಲ್ಲ. ಜಾಗ ಊರಿನದಾಗಬೇಕು. ಅಮೆರಿಕದಲ್ಲಾದರೆ, ಕೊಟ್ಟ ಹಣದ ಹತ್ತನೇ ಒಂದು ಭಾಗವನ್ನು ಊರಾಡಳಿತ ವರ್ಷಾವರ್ಷ ನಿರ್ವಹಣೆಗೆ ಖರ್ಚು ಮಾಡಬೇಕು. 10,000 ಡಾಲರ್ ಕಟ್ಟಡಕ್ಕೆ ವರ್ಷಕ್ಕೆ 1,000 ಡಾಲರ್. ಊರು ಸಾಕದಿದ್ದರೆ ದಾನ ದಂಡ ಅಂತ ಅವನ ಲೆಕ್ಕ.

ಕಟ್ಟಡದ್ದೂ ಒಂದು ಪಾಠ ಇದೆ. ಕೆಲವು ಊರಿನವರು ಕಂಬ, ಗುಮ್ಮಟ ಅಂತ ಅಂದಕ್ಕೇ ಹಣ ಸುರಿದರು. ಆಗ ಕಾರ್ಯದರ್ಶಿ ಜೇಮ್ಸ್ ಬರ್ಟ್ರಾಮ್ 1911ರಲ್ಲಿ ಒಂದು ಸೂಚನಾ ಪತ್ರ ಹೊರಡಿಸಿದರು. ಚೌಕಟ್ಟಾದ ಸರಳ ಕಟ್ಟಡ ಸಾಕು, ಕೆಳಗೆ ನೆಲಮಾಳಿಗೆ, ಅದರಲ್ಲಿ ಉಪನ್ಯಾಸಕ್ಕೆ ಕೋಣೆ. ಪಕ್ಕದ ಹಾಗೂ ಹಿಂದಿನ ಕಿಟಕಿಗಳು ನೆಲದಿಂದ ಸುಮಾರು ಆರಡಿ ಮೇಲೆ. ಯಾಕೆ? ಕೆಳಗೆ ಗೋಡೆಯುದ್ದಕ್ಕೂ ಪುಸ್ತಕದ ಕಪಾಟು ನಿಲ್ಲಲಿ ಅಂತ. ನಮ್ಮ ಗೊಬ್ಬರದ ಗೋದಾಮಿನಲ್ಲಿ ಮೂಟೆ ಒಟ್ಟೋಕೆ ಕಿಟಕಿ ಮೇಲಿಟ್ಟಿದ್ದೇವಲ್ಲ, ಹಾಗೆ! ನಡುವೆ ಒಂದು ಮೇಜು, ಒಬ್ಬರೇ ಕೂತು ಇಡೀ ಕೋಣೆ ನೋಡಿಕೊಳ್ಳಬಹುದು.

ಹಾಗಂತ ಎಲ್ಲವೂ ಚಿನ್ನವಲ್ಲ. 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯ ಜಗಳದಲ್ಲಿ ಗುಂಡು ಹಾರಿ ಕಾರ್ಮಿಕರು ಸತ್ತರು. ಅದೇ ಊರಿಗೆ 1898ರಲ್ಲಿ ಭಾರಿ ಗ್ರಂಥಾಲಯ ಬಂತು. ಹನ್ನೆರಡು ತಾಸು ದುಡಿದವನಿಗೆ ಓದೋಕೆ ಪುರುಸೊತ್ತು ಎಲ್ಲಿ? 1902ರಲ್ಲಿ ಅಟ್ಲಾಂಟಾ ನಗರದ ಗ್ರಂಥಾಲಯ ತೆರೆದಾಗ ಕರಿಯ ಜನರನ್ನು ಒಳಗೆ ಬಿಡಲಿಲ್ಲ. ತೆರಿಗೆ ಅವರೂ ಕಟ್ಟುತ್ತಿದ್ದರು! ವಿದ್ವಾಂಸ ಡುಬಾಯ್ಸ್ ಮುಂದೆ ನಿಂತು ಮನವಿ ಕೊಟ್ಟರೂ ಅವರಿಗೊಂದು ಶಾಖೆ ಸಿಕ್ಕಿದ್ದು 1921ರಲ್ಲಿ. ಇನ್ನು 1916ರಲ್ಲಿ ಆಲ್ವಿನ್ ಜಾನ್ಸನ್ ಎಂಬುವರು ಸುಮಾರು ನೂರು ಗ್ರಂಥಾಲಯ ನೋಡಿ ಬಂದು ವರದಿ ಕೊಟ್ಟರು: ಕಟ್ಟಡ ಇದ್ದರೆ ಸಾಲದು, ತರಬೇತಾದ ಗ್ರಂಥಪಾಲಕರೇ ಮುಖ್ಯ. ಮರುವರ್ಷ, 1917ರಲ್ಲಿ, ಹೊಸ ಕಟ್ಟಡಗಳಿಗೆ ಹಣ ಕೊಡೋದು ನಿಂತಿತು.

ಬಂಧುಗಳೇ, ಈಗ ನಮ್ಮ ವಿಚಾರ. ದಾನಿಗಳು 5 ಲಕ್ಷ ಕೊಟ್ಟರೆ, ಆ ಲೆಕ್ಕದಲ್ಲಿ ವರ್ಷಕ್ಕೆ 50,000 ನಾವು ಹೊಂದಿಸಬೇಕು. ಲಾಭ ಬಂದ ವರ್ಷವೂ, ಮಳೆ ಕೈಕೊಟ್ಟ ವರ್ಷವೂ. ಬೀಗದ ಕೈ ಯಾರ ಹತ್ತಿರ? ಸಂಬಳ ಎಷ್ಟು? ಕೂಲಿಗೆ ಹೋದವರು ಮನೆಗೆ ಬಂದ ಮೇಲೆ, ಸಂಜೆ ಹೊತ್ತು ಬಾಗಿಲು ತೆರೆದಿರುತ್ತದೋ? ಎಲ್ಲ ಕೇರಿಯ ಮಕ್ಕಳೂ, ಹೆಣ್ಣುಮಕ್ಕಳೂ ಅಳುಕದೆ ಒಳಗೆ ಬರುತ್ತಾರೋ? ಇಷ್ಟಕ್ಕೆ ಮಹಾಸಭೆಯಲ್ಲಿ ಠರಾವು ಮಾಡಿ ಆಮೇಲೆ ಗುದ್ದಲಿ ಹಿಡಿಯೋಣ. ಇಲ್ಲದಿದ್ದರೆ ಅದು ಇನ್ನೊಂದು ಗೋದಾಮು ಆಗುತ್ತೆ ಅಷ್ಟೆ.

ಐದು ನೇಕಾರರ ಹತ್ತಿರ ಕಟ್ಟಡ ಇರಲಿಲ್ಲ, ಪುಸ್ತಕ ಇತ್ತು, ಒಗ್ಗಟ್ಟು ಇತ್ತು. ನಾವೂ ಅಲ್ಲಿಂದಲೇ ಶುರು ಮಾಡೋಣ. ಮನೆಗೊಂದು ಪುಸ್ತಕ ತನ್ನಿ, ನಾಳೆಯಿಂದಲೇ ಸಂಘದ ಕಚೇರಿಯ ಒಂದು ಬೀರು ಖಾಲಿ ಮಾಡಿಸುತ್ತೇವೆ.