ಕಂಡದ್ದಕ್ಕೆ ಮಾತ್ರ ಸಹಿ ಹಾಕಿ

ಇಂದು ಗಣಿ ಮತ್ತು ಪರಿಸರ ಎಂಜಿನಿಯರಿಂಗ್ ಪದವಿ ಪಡೆಯುತ್ತಿರುವ ಗೆಳೆಯರೇ,

ಕರ್ನಾಟಕದ ನೆಲದಲ್ಲಿ ಚಿನ್ನ ಸಿಕ್ಕಿತು, ಕಬ್ಬಿಣದ ಅದಿರು ಸಿಕ್ಕಿತು, ಕಲ್ಲಿದ್ದಲು ಸಿಗಲಿಲ್ಲ. ರಾಯಚೂರು, ಬಳ್ಳಾರಿಯ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಉರಿಯುವ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರ, ಒಡಿಶಾಗಳಿಂದ ರೈಲಿನಲ್ಲಿ ಬರುತ್ತದೆ. ಚಂದ್ರಾಪುರ ಜಿಲ್ಲೆಯ ಬರಂಜ್ ಗಣಿಯಂತೂ ನಮ್ಮ ವಿದ್ಯುತ್ ನಿಗಮಕ್ಕೇ ಹಂಚಿಕೆಯಾದದ್ದು. ಅಂದರೆ ನಮ್ಮ ಮನೆಯ ದೀಪಕ್ಕಾಗಿ ಬೇರೆಯವರ ಊರಿನ ನೆಲ ಅಗೆಯುತ್ತಾರೆ. ಅಗೆದವರು ಸಂಜೆ ಕ್ಷೇಮವಾಗಿ ಮನೆ ಸೇರಿದರೇ, ಆ ಊರಿನ ಬಾವಿಯಲ್ಲಿ ಇನ್ನೂ ನೀರಿದೆಯೇ ಎಂದು ಹೋಗಿ ನೋಡಬೇಕಾದವರು ಯಾರಾದರೂ ಇರಬೇಕಲ್ಲ? ಆ ಕೆಲಸದಲ್ಲೇ ನನ್ನ ನೌಕರಿ ಕಳೆಯಿತು. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಕಾನೂನಿನಲ್ಲಿ ಈ ಕೆಲಸ ಎರಡಾಗಿ ಒಡೆದಿದೆ. ಕಾರ್ಮಿಕರ ಸುರಕ್ಷತೆ ಧನ್‌ಬಾದ್‌ನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪಾಲಿಗೆ. ನೀರು, ಗಾಳಿ, ಕಾಡು ಪರಿಸರ ಸಚಿವಾಲಯ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪಾಲಿಗೆ. ಆ ಸಚಿವಾಲಯದ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಪಡೆದ ಗಣಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತುಗಳ ಪಾಲನಾ ವರದಿ ಕೊಡಬೇಕು. ಕಚೇರಿಯಲ್ಲಿ ಎರಡು ಕಡತ, ಇಬ್ಬರು ಅಧಿಕಾರಿಗಳು. ಗಣಿಯಲ್ಲಿ ಮಾತ್ರ ಈ ಎರಡನ್ನು ಬೇರೆ ಮಾಡಲು ಬರುವುದಿಲ್ಲ.

2016ರ ಡಿಸೆಂಬರ್ 29ರಂದು ಜಾರ್ಖಂಡ್‌ನ ಗೊಡ್ಡಾ ಜಿಲ್ಲೆಯ ಲಾಲ್‌ಮಟಿಯಾದಲ್ಲಿ, ರಾಜಮಹಲ್ ತೆರೆದ ಗಣಿಯ ಮಣ್ಣುರಾಶಿ ಕುಸಿದು ಕೆಳಗಿದ್ದವರ ಮೇಲೆ ಬಿತ್ತು. 23 ಜನ ಸತ್ತರು. ಕಲ್ಲಿದ್ದಲಿನ ಮೇಲಿನ ಮಣ್ಣು ಕಲ್ಲು ತೆಗೆದು ಗುಡ್ಡೆ ಹಾಕುತ್ತಾರೆ. ಗಣಿಯವರ ಬಾಯಲ್ಲಿ ಅದು ಓಬಿ. ಅದರ ಇಳಿಜಾರು 37.5 ಡಿಗ್ರಿ ಮೀರಬಾರದು, 30 ಮೀಟರಿಗಿಂತ ಎತ್ತರವಾದರೆ ಮೆಟ್ಟಿಲು ಕಡಿಯಬೇಕು ಎಂಬುದು ಸುರಕ್ಷತೆಯ ನಿಯಮ. ಸುತ್ತ ಕಾಲುವೆ ತೋಡಬೇಕು, ಹರಿದ ನೀರನ್ನು ಹೂಳುಗುಂಡಿಗೆ ಬಿಡಬೇಕು, ಮೇಲೆ ಹುಲ್ಲು ಗಿಡ ಬೆಳೆಸಬೇಕು ಎಂಬುದು ಪರಿಸರದ ಷರತ್ತು. ಕಾಲುವೆ ಹೂಳು ತುಂಬಿ ಮುಚ್ಚಿದರೆ ಮಳೆನೀರು ಎಲ್ಲಿಗೆ ಹೋಗುತ್ತದೆ? ಗುಡ್ಡೆಯೊಳಗೇ ಇಳಿಯುತ್ತದೆ. ನೆನೆದ ಮಣ್ಣು ಹಿಡಿತ ಬಿಡುತ್ತದೆ. ಪರಿಸರದ ಕಡತದಲ್ಲಿ ಸಣ್ಣ ಲೋಪವೆಂದು ಬರೆದಿಟ್ಟದ್ದು ಕೆಳಗೆ ಶಾವೆಲ್ ನಡೆಸುವವನ ಪ್ರಾಣಕ್ಕೆ ಬರುತ್ತದೆ. ಆದ್ದರಿಂದ ಗುಡ್ಡೆಯನ್ನು ಜೀಪಿನಲ್ಲಿ ಕೂತು ದೂರದಿಂದ ನೋಡಬೇಡಿ, ಮೇಲೆ ಹತ್ತಿ. ನೆತ್ತಿಯ ಅಂಚಿಗೆ ಸಮನಾಗಿ ಬಿರುಕು ಓಡಿದೆಯೇ ನೋಡಿ. ಬಿರುಕಿನ ಅಂಚು ಚೂಪಾಗಿದ್ದರೆ ಅದು ಹೊಸದು. ಮಳೆಗೆ ಮೊಂಡಾಗಿದ್ದರೆ ಹಳೆಯದು, ಆದರೂ ಅಳೆದು ಬರೆಯಿರಿ. ಬುಡದಲ್ಲಿ ಮಣ್ಣು ಉಬ್ಬಿದ್ದರೆ ಕೆಳಗಿನ ಜನರನ್ನು ಮೊದಲು ಹೊರಗೆ ಕಳಿಸಿ, ಚರ್ಚೆ ಆಮೇಲೆ.

ತಪಾಸಣೆಯ ದಿನ ರಸ್ತೆ ಒದ್ದೆಯಾಗಿರುತ್ತದೆ. ನೀರಿನ ಟ್ಯಾಂಕರ್ ನಿಮ್ಮ ಮುಂದೆಯೇ ಹೋಗಿರುತ್ತದೆ. ರಸ್ತೆ ಬದಿಯ ಗಿಡದ ಒಂದು ಎಲೆಯನ್ನು ಬೆರಳಲ್ಲಿ ಒರೆಸಿ. ಪದರ ಪದರವಾಗಿ ಕರಿ ದೂಳು ಕೂತಿದ್ದರೆ ಟ್ಯಾಂಕರ್ ಆವತ್ತಷ್ಟೇ ಬಂದದ್ದು ಎಂದು ತಿಳಿಯುತ್ತದೆ. ಹೊರಬಿಡುವ ನೀರಿನಲ್ಲಿ ತೇಲುಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು ಎಂದು ನಿಯಮವಿದೆ. ಆ ಮಾದರಿಯನ್ನು ಅವರು ತೋರಿಸಿದ ಕೊಳವೆಯಿಂದ ತೆಗೆಯಬೇಡಿ, ನೀರು ಹಳ್ಳಕ್ಕೆ ಸೇರುವ ಜಾಗದಿಂದ ತೆಗೆಯಿರಿ.

ನೆಲದೊಳಗಿನ ಗಣಿಯಲ್ಲಿ ದೇಹವನ್ನೇ ಬಗ್ಗಿಸಿ ನೋಡಬೇಕು. ಮಿಥೇನ್ ಹಗುರ, ಚಾವಣಿಗೆ ಅಂಟಿಕೊಂಡಿರುತ್ತದೆ. ಅನಿಲ ಅಳೆಯುವ ಮೀಟರನ್ನು ಸೊಂಟದ ಮಟ್ಟದಲ್ಲಿ ಹಿಡಿದವನಿಗೆ ಅದು ಕಾಣುವುದಿಲ್ಲ. ಇಂಗಾಲದ ಡೈಆಕ್ಸೈಡ್ ಭಾರ, ಅದಕ್ಕೆ ನೆಲದವರೆಗೆ ಬಾಗಬೇಕು. ಗಾಳಿಯಲ್ಲಿ ಮಿಥೇನ್ ಶೇ. 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ಶೇ. 1.25 ದಾಟಿದೊಡನೆ ವಿದ್ಯುತ್ ಕಡಿಯಬೇಕೆಂಬ ನಿಯಮ ಇರುವುದು ಅದಕ್ಕೇ. ಚಾವಣಿಯನ್ನು ಕೋಲಿನಿಂದ ತಟ್ಟಿ ನೋಡುವ ಹಳೆಯ ಪದ್ಧತಿಯನ್ನೂ ಬಿಡಬೇಡಿ. ಗಟ್ಟಿ ಬಂಡೆ ಕಣಕಣ ಎನ್ನುತ್ತದೆ, ಸಡಿಲಗೊಂಡ ಬಂಡೆ ಟೊಳ್ಳು ದನಿ ಕೊಡುತ್ತದೆ. ಪಾಳಿಯ ಸುರಕ್ಷತೆ ನೋಡಿಕೊಳ್ಳುವ ಮೈನಿಂಗ್ ಸರ್ದಾರನ ಕಿವಿ ಇದರಲ್ಲಿ ಬಹಳ ಪಳಗಿರುತ್ತದೆ. ಅವನ ಜೊತೆ ನಡೆಯಿರಿ.

ಇನ್ನು ನಕ್ಷೆ. ನೀರು ನಿಂತ ಹಳೆಯ ಗಣಿಗೆ 60 ಮೀಟರಿನೊಳಗೆ ಹೋಗಬೇಕಾದರೆ ಅನುಮತಿ ಬೇಕು, ಮುಂದೆ ರಂಧ್ರ ಕೊರೆದು ನೋಡುತ್ತಾ ಸಾಗಬೇಕು. 1975ರ ಡಿಸೆಂಬರ್ 27ರಂದು ಧನ್‌ಬಾದ್ ಬಳಿಯ ಚಾಸ್‌ನಾಲಾದಲ್ಲಿ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಮುಳುಗಿದರು. 1989ರ ನವೆಂಬರಿನಲ್ಲಿ ರಾಣಿಗಂಜ್‌ನ ಮಹಾಬೀರ್ ಗಣಿಯಲ್ಲೂ ನೀರು ನುಗ್ಗಿತು. ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಉಕ್ಕಿನ ಕೊಳವೆಯಂಥ ಪಂಜರ ಮಾಡಿಸಿ, ಕೊರೆದ ರಂಧ್ರದಲ್ಲಿ ತಾವೇ ಇಳಿದು, 65 ಜನರನ್ನು ಒಬ್ಬೊಬ್ಬರನ್ನಾಗಿ ಮೇಲೆ ಕಳಿಸಿದರು. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ನಿಮ್ಮಿಂದ ನಾನು ಬಯಸುವುದು ಅಂಥ ಸಾಹಸ ಬೇಕಾಗದಂತೆ ಮಾಡುವ ಕೆಲಸವನ್ನು. ಅದಕ್ಕೆ ಪದಕ ಸಿಗುವುದಿಲ್ಲ. ಹಳೆಯ ನಕ್ಷೆ ಹರಡಿಕೊಂಡು, ಸ್ಕೇಲ್ ಇಟ್ಟು, ನೀರು ನಿಂತ ಹಳೆಯ ಗಣಿಗೂ ನಮಗೂ ನಡುವಿನ ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಪಟ್ಟು ಹಿಡಿದು ಕೇಳಬೇಕು.

ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ಮ್ಯಾನೇಜರ್ ಕೋಣೆಯ ಸ್ಲೈಡುಗಳಲ್ಲಿ ಎಲ್ಲವೂ ಹಸಿರಾಗಿರುತ್ತದೆ. ರಾತ್ರಿಪಾಳಿಯ ಪಂಪ್ ಆಪರೇಟರನನ್ನು ಕೇಳಿ, ನೀರು ಮೊದಲಿಗಿಂತ ಹೆಚ್ಚಿದೆಯೇ ಎಂದು. ಗುತ್ತಿಗೆ ಡಂಪರ್ ಚಾಲಕನನ್ನು ಕೇಳಿ, ಬ್ರೇಕು ಹೇಗಿದೆ, ನಿದ್ದೆ ಎಷ್ಟು ಎಂದು. ಅವರ ಮೇಲಧಿಕಾರಿ ಪಕ್ಕದಲ್ಲಿ ನಿಂತಿರುವಾಗ ಕೇಳಬೇಡಿ. ಗಣಿಯ ಗೇಟಿನ ಹೊರಗೆ ಬಾವಿಕಟ್ಟೆಯಲ್ಲಿ ಕೊಡ ಹಿಡಿದು ನಿಂತ ತಾಯಂದಿರನ್ನು ಮಾತಾಡಿಸಿ. ಅಂತರ್ಜಲ ಇಳಿದದ್ದು ಮೊದಲು ಗೊತ್ತಾಗುವುದು ಅವರಿಗೆ. ಇಲ್ಲಿರುವ ಹೆಣ್ಣುಮಕ್ಕಳಿಗೊಂದು ಮಾತು: 2019ರಿಂದ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಮಹಿಳೆಯರು ನೆಲದೊಳಗಿನ ಗಣಿಗೂ ಇಳಿಯಬಹುದು. ಬನ್ನಿ.

ಗಣಿ ಮುಚ್ಚಿದರೂ ತಪಾಸಣೆ ಮುಗಿಯುವುದಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತಿತು. ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ದಿಬ್ಬಗಳ ದೂಳು ಗಾಳಿ ಬೀಸಿದಾಗ ಇವತ್ತಿಗೂ ಕೆಜಿಎಫ್‌ನ ಮನೆಗಳಿಗೆ ಬರುತ್ತದೆ. ಕಲ್ಲಿದ್ದಲು ಗಣಿಗಳು ಮುಚ್ಚುವ ಖರ್ಚನ್ನು ಮೊದಲಿನಿಂದಲೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂಬ ನಿಯಮ ಈಗ ಇದೆ. ಆ ಹಣ ನೆಲದ ಮೇಲೆ ಕೆಲಸವಾಗಿ ಇಳಿಯಿತೇ ಎಂದು ನೋಡುವವರೂ ನೀವೇ.

ನಿಮ್ಮಲ್ಲಿ ಕೆಲವರು ಗಣಿ ಕಂಪನಿಗೆ ಹೋಗುತ್ತೀರಿ, ಕೆಲವರು ಮಂಡಳಿಗೆ, ನಿರ್ದೇಶನಾಲಯಕ್ಕೆ. ಮೇಜಿನ ಯಾವ ಬದಿಯಲ್ಲಿ ಕೂತರೂ ನನ್ನ ಕೋರಿಕೆ ಒಂದೇ. ಹೋಗದ ಜಾಗಕ್ಕೆ ಹೋದೆನೆಂದು ಬರೆಯಬೇಡಿ. ಅಳೆಯದ ಅಂಕಿಗೆ ಸಹಿ ಹಾಕಬೇಡಿ. ತಪ್ಪು ಕಂಡರೆ ಜಾಗ, ಸಮಯ, ಅಳತೆ ಸಮೇತ ಬರೆದು, ಸರಿಪಡಿಸಿದ್ದನ್ನು ಮತ್ತೆ ಹೋಗಿ ನೋಡಿ.