ನಮ್ಮ ಗಾಡಿಗೆ ಇನ್ನೇನು ಬೇಕು?

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ, ಸರಕು ಗಾಡಿ ಇಟ್ಟುಕೊಂಡಿರುವ ಸದಸ್ಯರ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ನಮಗೆ ಸ್ಟಿಯರಿಂಗ್ ಹಿಡಿದು ಅಭ್ಯಾಸ, ಮೈಕು ಹಿಡಿದು ಅಭ್ಯಾಸವಿಲ್ಲ. ತಪ್ಪು ಬಂದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಸಂಘದ ಕಾರ್ಯದರ್ಶಿಯವರು, "ಸಾಲ, ಗೊಬ್ಬರ, ಬಡ್ಡಿ ವಿಚಾರ ಎಲ್ಲರೂ ಮಾತಾಡ್ತಾರೆ. ಬೆಳೆದದ್ದನ್ನ ಹೊತ್ಕಂಡು ಹೋಗೋರು ನೀವು, ನಿಮ್ಮ ಕಷ್ಟ ಸುಖ ಹೇಳಿ" ಅಂದರು. ಸರಿ ಎಂದು ಊರಿನ ಗಾಡಿ ಮಾಲೀಕರೆಲ್ಲ ಒಂದು ಸಂಜೆ ಅರಳಿಕಟ್ಟೆ ಮೇಲೆ ಕುಳಿತೆವು. "ಕಂಪನಿಯವರು ಬಂದು ನಿಮ್ಮ ಗಾಡಿಗೆ ಇನ್ನೇನು ಬೇಕು ಅಂತ ಕೇಳಿದರೆ ಏನು ಹೇಳ್ತೀರಿ?" ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡೆವು. ನೋಟ್‌ಪುಸ್ತಕದ ಎರಡು ಪುಟ ತುಂಬಿತು. ಆ ಪಟ್ಟಿಯನ್ನೇ ತಮ್ಮ ಮುಂದೆ ಇಡುತ್ತೇವೆ.

ಮೊದಲಿಗೆ ಹಳೆಯದೊಂದು ಮಾತು. ಕಾಕನಕೋಟೆ ಸೀಮೆಯಲ್ಲಿ ಭಾರ ಹೊರುವ ಕೆಲಸ ಆನೆಯದು. 1971ರವರೆಗೂ ಇಲ್ಲಿ ಖೆಡ್ಡಾ ನಡೆಯಿತು. ಹಿಡಿದ ಆನೆಯನ್ನು ಪಳಗಿಸಿ ಮರ ಎಳೆಸುತ್ತಿದ್ದುದನ್ನು ನಮ್ಮ ಅಜ್ಜಂದಿರು ಕಂಡವರು. ರೈತನಿಗೆ ಎತ್ತಿನ ಗಾಡಿ, ವ್ಯಾಪಾರಿಗೆ ಲಾರಿ. ಇವೆರಡರ ನಡುವೆ ನಮ್ಮಂಥವರಿಗೆ ಏನೂ ಇರಲಿಲ್ಲ. 2005ರಲ್ಲಿ ಟಾಟಾ ಏಸ್ ಬಂತು. 702 ಸಿ.ಸಿ.ಯ ಎರಡು ಸಿಲಿಂಡರ್ ಎಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರುವ ಪುಟ್ಟ ಗಾಡಿ. ಉತ್ತರದ ಕಡೆಯವರು ಅದಕ್ಕೆ 'ಛೋಟಾ ಹಾಥಿ' ಎಂದು ಹೆಸರಿಟ್ಟರು. ಅಂದರೆ ಚಿಕ್ಕ ಆನೆ. ಆನೆಯ ಸೀಮೆಗೆ ಆನೆಯೇ ತಿರುಗಿ ಬಂತು ಅಂತ ನಾವೂ ನಕ್ಕೆವು. ಆಮೇಲೆ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡಿನ ದೋಸ್ತ್ ಎಲ್ಲ ಬಂದವು. ಈಗ ಊರಿಗೆ ನಾಲ್ಕಾರು ಪಿಕಪ್ ಇವೆ. ಅವುಗಳಿಂದ ಉಪಕಾರವಾಗಿದೆ. ಇಲ್ಲ ಎಂದರೆ ನಾಲಗೆ ಬಿದ್ದುಹೋದೀತು. ಆದರೆ ಗಾಡಿ ಮಾಡಿದವನು ಪೇಟೆ ನೋಡಿ ಮಾಡಿದ್ದಾನೆ, ಓಡಿಸುವವರು ನಾವು ಕಾಡಂಚಿನವರು.

ಪಟ್ಟಿಯಲ್ಲಿ ಮೊದಲನೆಯದು ತೂಕ. ಶುಂಠಿ ಮೂಟೆ 60 ಕೆ.ಜಿ. ಮುಕ್ಕಾಲು ಟನ್ ಗಾಡಿಗೆ ಲೆಕ್ಕವಾಗಿ 12 ಮೂಟೆ. 1.3 ಟನ್ ಪಿಕಪ್ಪಿಗೆ 21 ಮೂಟೆ. 1.7 ಟನ್ ಗಾಡಿಗೆ 28 ಮೂಟೆ. ನಾವು ಹಾಕುವುದೆಷ್ಟು ಎಂದು ಇಲ್ಲಿ ಹೇಳಿದರೆ ತಾವೇ ನಗುತ್ತೀರಿ, ಏಕೆಂದರೆ "ಇನ್ನೊಂದೈದು ಹಾಕ್ಕಳಪ್ಪಾ" ಅನ್ನುವವರೂ ತಾವೇ! ಹಸಿ ಶುಂಠಿಗೆ ಮಣ್ಣು ಮೆತ್ತಿದ್ದರೆ ಮೂಟೆ ಇನ್ನೂ ತೂಗುತ್ತದೆ. ವೇಬ್ರಿಡ್ಜ್ ಹತ್ತುವವರೆಗೂ ನಿಜವಾದ ತೂಕ ಗೊತ್ತಾಗುವುದಿಲ್ಲ. 2019ರ ತಿದ್ದುಪಡಿ ಕಾಯ್ದೆಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಆದ್ದರಿಂದ ಡ್ರೈವರ್ ಮುಂದೆಯೇ, ಡೀಸೆಲ್ ಮುಳ್ಳಿನ ಪಕ್ಕದಲ್ಲಿ, ತೂಕದ ಮುಳ್ಳೂ ಒಂದಿರಲಿ ಎಂಬುದು ನಮ್ಮ ಆಸೆ. ಬ್ರೇಕ್ ಹಿಡಿಯದೆ ಗುಂಡಿಗೆ ಬಿದ್ದ ಮೇಲೆ ತೂಕ ತಿಳಿದು ಪ್ರಯೋಜನವಿಲ್ಲ.

ಎರಡನೆಯದು ಹತ್ತಿಸುವುದು, ಕಟ್ಟುವುದು, ಮುಚ್ಚುವುದು. ಬಾಡಿಯ ಹಲಗೆ ಎದೆಮಟ್ಟಕ್ಕೆ ಇರುತ್ತದೆ. ಅಷ್ಟು ಎತ್ತರಕ್ಕೆ ಮೂಟೆ ಎತ್ತುವವರ ಸೊಂಟ ಏನಾಗಬೇಕು? ಹಿಂದಿನ ಡೋರಿನಲ್ಲೇ ಮಡಚುವ ಮೆಟ್ಟಿಲೊಂದು ಕೊಟ್ಟಿದ್ದರೆ ಸಾಕಿತ್ತು. ಹಗ್ಗದ ಕೊಂಡಿಗಳು ಸಾಲವು. ಹೊಗೆಸೊಪ್ಪಿನ ಬೇಲು ತೂಕಕ್ಕಿಂತ ಗಾತ್ರ ಹೆಚ್ಚು, ಮೇಲೆ ಮೇಲೆ ಪೇರಿಸಬೇಕು. ನಮ್ಮ ರಾಜ್ಯದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಅಂದಿನಿಂದ ನಮಗೆ ಒಂದೇ ಭಯ, ಹರಾಜಿನ ಕಾಲಕ್ಕೇ ಹಿಂಗಾರು ಮಳೆ. ಬ್ಯಾರನ್ನಿನಲ್ಲಿ ನಿದ್ದೆಗೆಟ್ಟು ಹದ ಮಾಡಿದ ಸೊಪ್ಪು ದಾರಿಯಲ್ಲಿ ಒಂದು ಹನಿ ನೀರು ಕುಡಿದರೆ ದರ್ಜೆ ಇಳಿಯಿತು ಅಂತಲೇ ಲೆಕ್ಕ. ಆದ್ದರಿಂದ ಟಾರ್ಪಾಲು ಎಳೆದು ಬಿಗಿಯುವ ಕಂಬಿಯನ್ನು ಕಂಪನಿಯೇ ಹಾಕಿ ಕೊಡಲಿ ಎಂದು ಬರೆದಿದ್ದೇವೆ.

ಮೂರನೆಯದು ತುಕ್ಕು. ಇಂದು ಯೂರಿಯಾ, ನಾಳೆ ಹಸು, ನಾಡಿದ್ದು ತೊಳೆದ ಶುಂಠಿ. ಗೊಬ್ಬರದ ಉಪ್ಪು, ಗಂಜಲ, ನೀರು ಮೂರೂ ಸೇರಿ ಬಾಡಿಯ ತಗಡನ್ನು ಕೆಲವೇ ವರ್ಷದಲ್ಲಿ ತಿಂದು ಹಾಕುತ್ತವೆ. ಮೂಲೆಯಲ್ಲಿ ನೀರು ಹೋಗಲು ತೂತು, ತಳಕ್ಕೆ ತುಕ್ಕು ಹಿಡಿಯದ ಲೇಪ, ಇಷ್ಟು ಕೇಳಿದ್ದೇವೆ. ಅಲ್ಲಿಯವರೆಗೆ ಗೊಬ್ಬರ ಇಳಿಸಿದ ದಿನವೇ ಗಾಡಿ ತೊಳೆಯುವುದೊಂದೇ ಮದ್ದು. ಇದು ಕಾಸಿಲ್ಲದ ಮದ್ದು, ಆದರೂ ನಮ್ಮಲ್ಲಿ ಮಾಡುವವರು ಕಡಿಮೆ.

ನಾಲ್ಕನೆಯದು ಖಾಲಿ ಗಾಡಿಯ ಕುಣಿತ. ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಭಾರ ಹೊರಲೆಂದು ಗಟ್ಟಿಯಾಗಿ ಮಾಡಿರುತ್ತಾರೆ. ಭಾರ ಇಳಿಸಿ ಬರುವಾಗ ಹಿಂಬದಿ ಹಗುರ. ಗುಂಡಿ ಸಿಕ್ಕರೆ ಚಕ್ರ ನೆಲ ಬಿಟ್ಟು ನೆಗೆಯುತ್ತದೆ, ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. ಹೊಸ ಹುಡುಗರು ಇದನ್ನು ಗಮನಿಸಬೇಕು. ತುಂಬಿದ ಗಾಡಿಗಿಂತ ಖಾಲಿ ಗಾಡಿಯನ್ನು ಮೆಲ್ಲಗೆ ಓಡಿಸಬೇಕಾದ ಜಾಗಗಳಿವೆ.

ಐದನೆಯದು ದೀಪ. ಮಾನಂದವಾಡಿ ರಸ್ತೆಯಲ್ಲಿ ಕಾಡಿನೊಳಗೆ ಸಂಜೆ 6ರಿಂದ ಬೆಳಗಿನ 6ರವರೆಗೆ ಗಾಡಿ ಬಿಡುವುದಿಲ್ಲ. ತರಕಾರಿ, ಬಾಳೆ ತುಂಬಿಕೊಂಡು ಬಾವಲಿ ಕಡೆಗೆ ಹೊರಟವರಿಗೆ ಗೇಟು ಮುಚ್ಚುವುದರೊಳಗೆ ಸೇರುವ ಆತುರ. ಈ ಆತುರದಲ್ಲೇ ಜಿಂಕೆ ಅಡ್ಡ ಬರುವುದು, ತಿರುವಿನಲ್ಲಿ ಆನೆ ನಿಂತಿರುವುದು. ಕಾಡು ಪ್ರಾಣಿಗೆ ಗೇಟಿನ ಗಂಟೆ ಗೊತ್ತಿಲ್ಲ, ಗೊತ್ತಿರಬೇಕಾದವರು ನಾವು. ಮಂಜಿನಲ್ಲಿ ನೆಲಕ್ಕೆ ಹರಡಿ ಬೀಳುವ ಹಳದಿ ದೀಪ ಬೇಕು, ದೂರ ಹೊಡೆದು ಎದುರಿನವರ ಕಣ್ಣು ಕುಕ್ಕುವ ದೀಪ ಬೇಡ. ಇದರ ಜೊತೆಗೆ ಹಿಂದೆ ಸರಿಯುವಾಗ ಕೂಗುವ ಗಂಟೆಯೂ ಇರಲಿ. ಊರ ಬೀದಿಯಲ್ಲಿ ನಿಂತ ಗಾಡಿಯ ಹಿಂದೆ ಮಕ್ಕಳು ಗೋಲಿ ಆಡುತ್ತಿರುತ್ತವೆ. ಕನ್ನಡಿಯಲ್ಲಿ ಅವು ಕಾಣುವುದಿಲ್ಲ.

ಆರನೆಯದು ಎಚ್ಚರಿಕೆಯ ದೀಪಗಳ ಭಾಷೆ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಗಾಡಿಗಳಲ್ಲಿ ಹೊಗೆ ಕಡಿಮೆ, ಒಳ್ಳೆಯದೇ. ಆದರೆ ಒಳಗೆಲ್ಲ ಸೆನ್ಸಾರು. ಡ್ರೈವರ್ ಮುಂದೆ ಹಳದಿ ದೀಪವೊಂದು ಹತ್ತುತ್ತದೆ. ಅದೇನೆಂದು ನಮಗೂ ತಿಳಿಯದು, ಊರ ಮೆಕ್ಯಾನಿಕ್ಕಿಗೂ ತಿಳಿಯದು. ಮಿಷನ್ ಹಚ್ಚಿ ನೋಡಲು ಪೇಟೆಗೇ ಹೋಗಬೇಕು. ಏನು ಕೆಟ್ಟಿದೆ, ಓಡಿಸಬಹುದೋ ನಿಲ್ಲಿಸಬೇಕೋ ಎಂಬುದನ್ನು ಗಾಡಿ ಕನ್ನಡದಲ್ಲಿ ಹೇಳಲಿ. ಫೋನು ಕನ್ನಡ ಕಲಿತಿದೆ, ಗಾಡಿಗೇನು ಕಷ್ಟ?

ಏಳನೆಯದಾಗಿ ಡ್ರೈವರನ ಸೀಟಿನ ಬಿಸಿ. 2025ರಿಂದ ಹೊಸ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ. ಆದರೆ ಆ ನಿಯಮ ಭಾರ ಸೇರಿ ಒಟ್ಟು ತೂಕ ಮೂರೂವರೆ ಟನ್ ಮೀರಿದ ಗಾಡಿಗಳಿಗೆ. ನಮ್ಮ ಪಿಕಪ್ಪುಗಳು ಅದರೊಳಗೇ ಉಳಿದುಕೊಳ್ಳುತ್ತವೆ. ದೊಡ್ಡ ಲಾರಿಯ ಡ್ರೈವರನಿಗೆ ಬೆವರುತ್ತದೆ, ಚಿಕ್ಕ ಗಾಡಿಯವನಿಗೆ ಬೆವರುವುದಿಲ್ಲವೇ? ಇದು ಸರ್ಕಾರ ಕೇಳಿಸಿಕೊಳ್ಳಬೇಕಾದ ಮಾತು.

ಇಷ್ಟು ಬರೆದು, ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದೆವು. ಸಂಘಕ್ಕೆ ಕಂತು ಕಟ್ಟಿ ಬರುತ್ತಿದ್ದ ನಮ್ಮೂರಿನ ಅಕ್ಕ ಒಬ್ಬರು ನಿಂತು ಕೇಳಿಸಿಕೊಂಡರು. ಅವರು ದಿನಾ ಶುಂಠಿ ಕೆಲಸಕ್ಕೆ ಹೋಗುವವರು. ಎಲ್ಲ ಕೇಳಿ ಒಂದೇ ಮಾತು ಅಂದರು: "ಎಲ್ಲಾ ಬರ್ದಿದ್ದೀರಿ ಕಣಣ್ಣ. ನಾವು ಕೂರೋ ಜಾಗ ಎಲ್ಲದೆ ಇದ್ರಲ್ಲಿ?"

ನಾವು ಉತ್ತರ ಕೊಡಲಿಲ್ಲ. ಪುಸ್ತಕ ಮಡಚಿದೆವು.

ಬಂಧುಗಳೆ, ಮೂಟೆಗೆ ಮೆಟ್ಟಿಲು ಕೇಳಿದೆವು, ಸೊಪ್ಪಿಗೆ ಟಾರ್ಪಾಲು ಕೇಳಿದೆವು. ದಿನಾ ಬೆಳಿಗ್ಗೆ ನಮ್ಮ ಗಾಡಿಯ ಹಿಂದೆ ನಿಂತುಕೊಂಡು ಹೋಗುವ ಹೆಣ್ಣಾಳು, ಗಂಡಾಳುಗಳನ್ನು ಮರೆತೇಬಿಟ್ಟೆವು. ನಮ್ಮ ಹೊಲಗಳಿಗೆ ಹೋಗುವವರು, ಹಾಡಿಗಳಿಂದ ಕೊಡಗಿನ ಕಾಫಿ ತೋಟಕ್ಕೆ ಹೋಗುವವರು, ಎಲ್ಲರೂ ಸರಕಿನ ಹಾಗೆಯೇ ಹೋಗುತ್ತಿದ್ದಾರೆ. ಆ ಹೊತ್ತಿಗೆ ಬಸ್ಸಿಲ್ಲ, ಕೆಲಸಕ್ಕೆ ಹೊತ್ತಾಗುತ್ತದೆ, ಎಲ್ಲ ನಿಜ. ಆದರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ಈ ಸಭೆಯಲ್ಲಿ ಬಿಚ್ಚಿ ಹೇಳದಿದ್ದರೆ ನಾವು ತಪ್ಪಿತಸ್ಥರಾಗುತ್ತೇವೆ.

ಸರಕು ಗಾಡಿಯ ವಿಮೆ, ಹಿಂದೆ ಕೂತ ಪ್ರಯಾಣಿಕರಿಗೆ ಇಲ್ಲ. 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿಯನ್ನು ಸೇರಿಸಿದರು. ಬೇರೆ ಪ್ರಯಾಣಿಕರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಸರಕಿನ ಒಡೆಯನೂ ಕ್ಯಾಬಿನ್ನಿನಲ್ಲಿ ಕೂತಿರಬೇಕು, ಮೂಟೆಯ ಮೇಲಲ್ಲ ಎಂದು 2007ರಲ್ಲಿ ಹೇಳಿತು. ಮಾಲೀಕನೇ ಇಟ್ಟುಕೊಂಡ, ಹತ್ತಿಸಿ ಇಳಿಸುವ ಆಳಿನ ಲೆಕ್ಕ ಬೇರೆ. ಅದನ್ನು ಪಾಲಿಸಿಯಲ್ಲಿ ಸರಿಯಾಗಿ ಬರೆಸಿರಬೇಕು. ಕೆಲವು ಸಲ ಕೋರ್ಟು, "ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಲಿ" ಎನ್ನುವುದುಂಟು. ಹೇಗೆ ತಿರುಗಿಸಿದರೂ ಹೊರೆ ಬರುವುದು ಮಾಲೀಕನ ತಲೆಗೇ.

ಇದು ಬರೀ ಪುಸ್ತಕದ ಮಾತಲ್ಲ. ನಮ್ಮಲ್ಲೇ ಒಬ್ಬರ ಗಾಡಿ ಶುಂಠಿ ಕೆಲಸಕ್ಕೆ ಆಳು ತುಂಬಿಕೊಂಡು ಹೋಗುವಾಗ ಕೆರೆ ಏರಿಯ ತಿರುವಿನಲ್ಲಿ ಮಗುಚಿತು. ದೇವರ ದಯೆ, ಜೀವ ಹೋಗಲಿಲ್ಲ. ಒಬ್ಬ ಹೆಣ್ಣುಮಗಳ ಕಾಲು ಮುರಿಯಿತು, ಈಗಲೂ ಕುಂಟುತ್ತಾರೆ, ಕೆಲಸಕ್ಕೆ ಹೋಗಲಾರರು. ವಿಮೆ ಬರಲಿಲ್ಲ. ಮಾಲೀಕರು ಗದ್ದೆ ಮಾರಿ ಕೊಟ್ಟರು. ಅತ್ತ ಆ ಮನೆಯೂ ಸೋತಿತು, ಇತ್ತ ಈ ಮನೆಯೂ ಸೋತಿತು. ಇಬ್ಬರೂ ಇದೇ ಸಂಘದ ಸದಸ್ಯರು. ಈ ಮಾತನ್ನು ಅವರಿಬ್ಬರ ಒಪ್ಪಿಗೆ ಪಡೆದೇ ಆಡುತ್ತಿದ್ದೇವೆ.

"ಹಿಂದೆ ಎರಡು ಬೆಂಚು ವೆಲ್ಡಿಂಗ್ ಮಾಡಿಸಿದರಾಯ್ತು" ಎಂದು ಕೆಲವರು ಹೇಳುತ್ತಾರೆ. ಆಗುವುದಿಲ್ಲ. ಕೊಂಡಿ, ಟಾರ್ಪಾಲಿನ ಕಂಬಿಯಂಥ ಸಣ್ಣ ಪುಟ್ಟದ್ದನ್ನೂ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಂಡು ಮಾಡಿಸುವುದು ಮೇಲು. ಕಂಪನಿ ಕೊಟ್ಟ ಮೂಲ ರಚನೆಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬೆಂಚು ಹಾಕಿಸಿದ ಮಾತ್ರಕ್ಕೆ ಸರಕು ಗಾಡಿ ಬಸ್ಸಾಗುವುದಿಲ್ಲ. ಎರಡು ಸಾಲು ಸೀಟಿನ ಕ್ಯಾಂಪರ್ ಥರದ ಗಾಡಿಗಳು ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಡ್ರೈವರ್ ಸೇರಿ ಐದು ಜನ ಒಳಗೆ ಕೂರಬಹುದು, ಆದರೆ ಅಷ್ಟಕ್ಕೆ ಹಿಂದಿನ ಬಾಡಿ ಗಿಡ್ಡ. ಕೊಳ್ಳುವವರು ಆರ್.ಸಿ.ಯಲ್ಲಿ ಎಷ್ಟು ಸೀಟು ಬರೆದಿದೆ, ಪಾಲಿಸಿಯಲ್ಲಿ ಆ ಸೀಟುಗಳಿಗೆ ರಕ್ಷಣೆ ಇದೆಯೇ ಎಂಬುದನ್ನು ಓದಿಸಿಕೊಂಡೇ ಸಹಿ ಹಾಕಬೇಕು. ಅದೂ ಐದು ಜನಕ್ಕಾಯಿತು. ಹದಿನೈದು ಇಪ್ಪತ್ತು ಜನರ ಮಾತೇನು?

ಅದಕ್ಕೆ ಕಂಪನಿಯ ಬಳಿ ಉತ್ತರವಿಲ್ಲ. ಉತ್ತರ ಈ ಪೆಂಡಾಲಿನ ಕೆಳಗಿದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಏತಕ್ಕೆ? ಒಬ್ಬನಿಂದ ಆಗದ್ದು ಹತ್ತು ಜನರಿಂದ ಆಗಲಿ ಎಂದು. ಪ್ರಯಾಣಿಕರ ಪರ್ಮಿಟ್ ಇರುವ ಗಾಡಿಯನ್ನು ಆಳು ಕರೆದುಕೊಂಡು ಹೋಗಲು ಒಬ್ಬ ರೈತ ಬಾಡಿಗೆಗೆ ತಂದರೆ ಭಾರ. ಒಂದೇ ದಿಕ್ಕಿಗೆ ಆಳು ಕರೆಯುವ ಐದಾರು ರೈತರು ಹಂಚಿಕೊಂಡರೆ ಹಗುರ. ಹಿಂದಿನ ಸಂಜೆ ಸಂಘದ ಬಾಗಿಲಲ್ಲಿ ಹೆಸರು ಬರೆಸುವುದು, ಬೆಳಿಗ್ಗೆ ಒಂದೇ ಗಾಡಿ ಸುತ್ತಿ ಬಿಡುವುದು. ಶುಂಠಿ ಕೀಳುವ ಕಾಲಕ್ಕೆ, ಸೊಪ್ಪು ಮುರಿಯುವ ಕಾಲಕ್ಕೆ ಪರೀಕ್ಷೆ ಮಾಡಿ ನೋಡೋಣ. ಆಡಳಿತ ಮಂಡಳಿಯವರು ಇದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ವಿನಂತಿಸುತ್ತೇವೆ.

ನಾವು ಗಾಡಿ ಮಾಲೀಕರು ನಮ್ಮ ಪಾಲಿನದನ್ನು ಇಲ್ಲೇ ಹೇಳಿಬಿಡುತ್ತೇವೆ. ಆ ಏರ್ಪಾಟು ಶುರುವಾದ ದಿನದಿಂದ ನಮ್ಮ ಗಾಡಿಯ ಹಿಂದೆ ಜನ ಹತ್ತಿಸುವುದಿಲ್ಲ. ಶುರುವಾಗುವವರೆಗೂ ಗಂಡು ಹೆಣ್ಣು ಯಾರೇ ಇರಲಿ, ಮೂಟೆಯ ಮೇಲೆ ಕೂರಿಸುವುದಿಲ್ಲ. ಬಾಡಿಗೆ ಕಡಿಮೆ ಆದೀತು. ಆಗಲಿ. "ಹತ್ತಿಸ್ಕೊಳಪ್ಪಾ, ಏನಾಯ್ತದೆ" ಎಂದು ತಾವು ಒತ್ತಾಯ ಮಾಡಬಾರದು, ಅಷ್ಟೇ ನಮ್ಮ ಕೋರಿಕೆ.

ಆ ಅಕ್ಕನ ಪ್ರಶ್ನೆಯನ್ನು ನಮ್ಮ ಪಟ್ಟಿಯಲ್ಲಿ ಎಂಟನೆಯದಾಗಿ ಬರೆದಿದ್ದೇವೆ. ಮೊದಲ ಏಳನ್ನು ಕಂಪನಿಗೆ ಬಿಟ್ಟಿದ್ದೇವೆ, ಅವರು ಯಾವಾಗ ಕೊಡುತ್ತಾರೋ ಕೊಡಲಿ. ಎಂಟನೆಯದನ್ನು ಸಂಘಕ್ಕೆ ಒಪ್ಪಿಸುತ್ತಿದ್ದೇವೆ.

 ನಮ್ಮ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ, ಆ ದಿನ ಈಗ ಇಲ್ಲಿರುವವರೆಲ್ಲ ಸುಖವಾಗಿ ಬಂದು ಕೂರಲಿ ಎಂದು ಹಾರೈಸಿ ಮಾತು ಮುಗಿಸುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.