ಚಲಚ್ಚಿತ್ರ ಮತ್ತು ಕಣ್ಣಿನ ಶಿಕ್ಷಣ



ಕಣ್ಣಿಗೆ ಸಂಬಂಧಿಸಿದ ವಿಷಯವನ್ನು ಕಿವಿಯ ಮೂಲಕ ತಿಳಿಸಹೊರಟಿರುವುದು ಕೊಂಚ ವಿಚಿತ್ರವಾಗಿ ತೋರಬಹುದು. ಆದರೆ ಇದರಲ್ಲಿ ಒಂದು ಅನುಕೂಲವೂ ಉಂಟು. ನಾವು ಮಾತಿನಲ್ಲಿ ಬಣ್ಣಿಸುವ ಚಿತ್ರಗಳನ್ನು ತಾವು ತಮ್ಮ ಮನಸ್ಸಿನಲ್ಲಿ ಒಂದೊಂದಾಗಿ ಜೋಡಿಸಿಕೊಳ್ಳಬೇಕಾಗುತ್ತದೆ. ಚಲಚ್ಚಿತ್ರವನ್ನು ನೋಡುವಾಗಲೂ ತಾವು ಮಾಡುವ ಕೆಲಸ ಇದೇ; ಅಲ್ಲಿ ಅದು ತಮಗೆ ತಿಳಿಯದಂತೆಯೇ ನಡೆದುಹೋಗುತ್ತದೆ, ಅಷ್ಟೆ. ಅದನ್ನು ತಿಳಿದು ಮಾಡುವಂತೆ ವಿದ್ಯಾರ್ಥಿಗಳಿಗೆ ಕಲಿಸಬಹುದೆ, ಕಲಿಸುವುದು ಅವಶ್ಯಕವೆ ಎಂಬುದೇ ಈ ಭಾಷಣದ ವಿಷಯ.

ಮಗುವಿಗೆ ಓದಲು ಕಲಿಸುವುದಕ್ಕೆ ನಾವು ವರ್ಷಗಟ್ಟಲೆ ಶ್ರಮಿಸುತ್ತೇವೆ. ಅಕ್ಷರ, ಕಾಗುಣಿತ, ಒತ್ತಕ್ಷರಗಳಾದ ಮೇಲೆ ವ್ಯಾಕರಣ. ವ್ಯಾಕರಣವಾದ ಮೇಲೆ ಛಂದಸ್ಸು, ಅಲಂಕಾರ. ಒಂದು ಮಾತಿಗೆ ಎರಡರ್ಥವಿರಬಹುದೆಂಬುದನ್ನೂ, ಹೇಳಿದ ಮಾತಿಗಿಂತ ಹೇಳದೆ ಬಿಟ್ಟ ಮಾತು ದೊಡ್ಡದಾಗಿರಬಹುದೆಂಬುದನ್ನೂ ಪಾಠ ಹೇಳುತ್ತೇವೆ. ಚಿತ್ರದ ವಿಷಯದಲ್ಲಿ ಮಾತ್ರ ಕಣ್ಣೊಂದಿದ್ದರೆ ಸಾಕು, ಬೇರೆ ಶಿಕ್ಷಣವೇಕೆ ಎಂಬ ಭಾವನೆ ನಮ್ಮಲ್ಲನೇಕರಿಗೆ ಇದೆ. ನಮಗೂ ಇತ್ತು. ಅದು ಹೇಗೆ ಕದಲಿತೆಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ಫೋನಿನಿಂದ ಫೋನಿಗೆ ಹರಿದಾಡುತ್ತಿದ್ದ ಅರ್ಧ ನಿಮಿಷದ ಒಂದು ಚಿತ್ರ ನಮ್ಮ ಕೈಗೂ ಬಂದಿತು. ಸಂತೆಯಲ್ಲಿ ಒಬ್ಬ ಹಣ್ಣಿನ ವ್ಯಾಪಾರಿ ಕೈಯೆತ್ತಿ ಗದರುತ್ತಾನೆ; ಮರುಕ್ಷಣದಲ್ಲಿ ಒಬ್ಬ ಮುದುಕಿ ನೆಲದ ಮೇಲೆ ಕುಳಿತು ಅಳುತ್ತಾಳೆ. ಮುದುಕಿಯನ್ನು ಹೊಡೆಯಲೂ ಹೇಸದ ಮನುಷ್ಯನ ಕ್ರೌರ್ಯವನ್ನು ಕುರಿತು ಅಂದಿನ ತರಗತಿಯಲ್ಲಿ ನಾವು ಆವೇಶದಿಂದಲೇ ಮಾತನಾಡಿ, ಆ ಚಿತ್ರವನ್ನೂ ತೋರಿಸಿದೆವು. ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಮೇಜಿನ ಬಳಿಗೆ ಬಂದು, “ಸಾರ್, ವ್ಯಾಪಾರಿಯ ನೆರಳು ಅವನ ಕಾಲಡಿಯಲ್ಲೇ ಇದೆ. ಅಜ್ಜಿಯ ನೆರಳು ಮಾರುದ್ದ ಚಾಚಿದೆ. ಎರಡೂ ಒಂದೇ ಹೊತ್ತಿನಲ್ಲಿ ಹೇಗಾಗುತ್ತದೆ?” ಎಂದಳು. ನಾವು ಮತ್ತೆ ನೋಡಿದೆವು. ಒಂದು ನಡುಮಧ್ಯಾಹ್ನದ ಚಿತ್ರ. ಇನ್ನೊಂದು ಮುಂಜಾನೆಯದೋ ಸಂಜೆಯದೋ. ಹೊಡೆದದ್ದನ್ನು ನಾವು ಕಂಡಿರಲೇ ಇಲ್ಲ. ಆದರೆ ಕಂಡೆವೆಂದು ನಲವತ್ತು ಮಂದಿಯ ಮುಂದೆ ನುಡಿದಿದ್ದೆವು. ಮರುದಿನ ತರಗತಿಯಲ್ಲಿ ತಪ್ಪನ್ನು ಒಪ್ಪಿಕೊಂಡುದಾಯಿತು. ಆ ವ್ಯಾಪಾರಿ ಯಾವ ಊರಿನವನೋ, ಅವನಲ್ಲಿ ಕ್ಷಮೆ ಕೇಳುವ ದಾರಿ ಮಾತ್ರ ನಮಗೆ ಇರಲಿಲ್ಲ.

ಇಲ್ಲಿ ನಮ್ಮ ಕಣ್ಣು ಮೋಸಹೋಗಲಿಲ್ಲ. ಎರಡು ಚಿತ್ರಗಳ ನಡುವಿನ ಸಂದಿಯಲ್ಲಿ ನಮ್ಮ ಮನಸ್ಸು ತಾನಾಗಿ ಒಂದು ಕಥೆಯನ್ನು ಹೂಡಿತು. ಈ ಗುಟ್ಟನ್ನು ರಷ್ಯಾ ದೇಶದ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದನು. ಆತನ ಶಿಷ್ಯ ಪುಡೋವ್ಕಿನ್ ಬರೆದಿರುವಂತೆ, ಮೊಸ್ಜುಖಿನ್ ಎಂಬ ನಟನ ಭಾವರಹಿತವಾದ ಮುಖದ ಒಂದೇ ಚಿತ್ರವನ್ನು ಮೂರು ಕಡೆ ಸೇರಿಸಲಾಯಿತು. ಒಮ್ಮೆ ಅದರ ಪಕ್ಕದಲ್ಲಿ ಸೂಪಿನ ತಟ್ಟೆ. ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು. ಒಮ್ಮೆ ಬೊಂಬೆಯೊಡನೆ ಆಡುತ್ತಿರುವ ಪುಟ್ಟ ಹುಡುಗಿ. ನೋಡಿದವರು ಆ ನಟನ ಹಸಿವನ್ನೂ ದುಃಖವನ್ನೂ ವಾತ್ಸಲ್ಯವನ್ನೂ ಬಾಯ್ತುಂಬ ಹೊಗಳಿದರಂತೆ. ಮುಖ ಮಾತ್ರ ಮೂರು ಕಡೆಯೂ ಅದೇ! ಭಾವವನ್ನು ತುಂಬಿದವರು ಪ್ರೇಕ್ಷಕರು.

ಹಾಗಾದರೆ ಚಲಚ್ಚಿತ್ರವೆಲ್ಲವೂ ವಂಚನೆಯೆ? ಎಂದಿಗೂ ಅಲ್ಲ. ಜೋಡಣೆಯಿಂದಲೇ ಸತ್ಯವನ್ನು ನುಡಿದ ಕೃತಿಗಳೂ ಇವೆ. ಇದಕ್ಕೆ ನಿದರ್ಶನವಾಗಿ, ೧೯೫೫ರಲ್ಲಿ ತೆರೆಕಂಡ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಯನ್ನು ನಾವು ತರಗತಿಯಲ್ಲಿ ತೋರಿಸುತ್ತೇವೆ. ಬಂಗಾಳದ ಒಂದು ಬಡ ಸಂಸಾರದ ಮಕ್ಕಳಾದ ದುರ್ಗಾ ಮತ್ತು ಅಪು, ಬೆಳ್ಳಗೆ ಹೂಬಿಟ್ಟ ಕಾಶಹುಲ್ಲಿನ ಬಯಲಿನಲ್ಲಿ ರೈಲನ್ನು ನೋಡುವುದಕ್ಕೆ ಓಡುವ ಸಂದರ್ಭ ಅದು. ಈ ದೃಶ್ಯದ ಚಿತ್ರೀಕರಣ ೧೯೫೨ರ ಅಕ್ಟೋಬರಿನಲ್ಲಿ ಮೊದಲಾಯಿತು. ವಾರದ ಮೇಲೆ ಹೋಗಿ ನೋಡಿದರೆ ಹೂವನ್ನೆಲ್ಲ ದನಗಳು ಮೇದುಬಿಟ್ಟಿದ್ದವು! ಕೆಲಸವನ್ನು ಮುಗಿಸುವುದಕ್ಕೆ ಮುಂದಿನ ವರ್ಷದ ಹೂವಿನ ಕಾಲದವರೆಗೆ ಕಾಯಬೇಕಾಯಿತು. ಇಷ್ಟಾದರೂ ಅದರಲ್ಲಿ ಸುಳ್ಳಿಲ್ಲ. ಅದು ಕಥೆಯೆಂದು ಹೇಳಿಕೊಂಡೇ ನಮ್ಮೆದುರಿಗೆ ಬಂದಿದೆ. ಜೀವಿಸಿರುವ ಯಾವ ಮನುಷ್ಯನ ತಲೆಗೂ ಅದು ಅಪರಾಧವನ್ನು ಕಟ್ಟುವುದಿಲ್ಲ. ಜೋಡಣೆ ಎರಡು ಕಡೆಯೂ ಒಂದೇ. ಅದರ ಪ್ರತಿಜ್ಞೆ ಬೇರೆ. ಈ ವ್ಯತ್ಯಾಸವನ್ನು ಅರಿಯುವುದು ಕಣ್ಣಿನ ಶಿಕ್ಷಣದ ಮೊದಲನೆಯ ಫಲ.

ಈ ದೃಶ್ಯವನ್ನು ಒಮ್ಮೆ ತೋರಿಸಿದ ಮೇಲೆ ನಾವು ಕೇಳುವುದು ಒಂದೇ ಪ್ರಶ್ನೆ: “ರೈಲನ್ನು ಹತ್ತಿರದಿಂದ ಕಂಡವರು ಯಾರು?” ಬಹುಮಂದಿ “ಇಬ್ಬರೂ” ಎನ್ನುತ್ತಾರೆ. ಮತ್ತೆ ತೋರಿಸುತ್ತೇವೆ. ಈ ಬಾರಿ ಅವರಿಗೆ ಕಾಣುತ್ತದೆ: ಓಡುತ್ತ ಓಡುತ್ತ ದುರ್ಗಾ ಎಡವಿ ಬೀಳುತ್ತಾಳೆ, ಹಳಿಯವರೆಗೆ ತಲಪುವವನು ಅಪು ಒಬ್ಬನೇ. ಆಗ ಕ್ಯಾಮರಾ ಹಳಿಯ ಆಚೆಯ ಬದಿಗೆ ಹೋಗಿ ನಿಂತಿರುತ್ತದೆ. ಉರುಳುವ ಗಾಲಿಗಳ ನಡುನಡುವೆ ಆ ಚಿಕ್ಕ ಹುಡುಗ ಕಂಡು ಮರೆಯಾಗುತ್ತಾನೆ. ಮುಂದೆ ಕಾಯಿಲೆಯಿಂದ ಮಲಗಿದ ದುರ್ಗಾ, ಗುಣವಾದ ಮೇಲೆ ಇನ್ನೊಮ್ಮೆ ರೈಲನ್ನು ನೋಡೋಣವೆಂದು ತಮ್ಮನಿಗೆ ಹೇಳುತ್ತಾಳೆ. ಆಕೆ ಬದುಕಿ ಉಳಿಯುವುದಿಲ್ಲ. ಬಯಲಿನಲ್ಲಿ ಬಿದ್ದುದನ್ನು ಕಂಡವರಿಗೆ ಮಾತ್ರ ಈ ಮಾತಿನ ನೋವು ಪೂರ್ತಿಯಾಗಿ ಮುಟ್ಟುತ್ತದೆ.

ಎರಡನೆಯ ಪಾಠ ಇದೇ ಚಿತ್ರದ ಕೊನೆಯ ಭಾಗದಲ್ಲಿದೆ. ದೂರದೂರಿನಿಂದ ಹಿಂತಿರುಗಿದ ತಂದೆ ಮಗಳಿಗಾಗಿ ತಂದ ಸೀರೆಯನ್ನು ತಾಯಿಯ ಕೈಗೆ ಕೊಡುತ್ತಾನೆ. ಮಗಳು ಸತ್ತ ಸುದ್ದಿ ಅವನಿಗೆ ತಿಳಿಯದು. ತಾಯಿಯ ದುಃಖದ ಕಟ್ಟೆಯೊಡೆಯುತ್ತದೆ. ಈ ಭಾಗವನ್ನು ನಾವು ಮೊದಲು ಧ್ವನಿಯಿಲ್ಲದೆ ತೋರಿಸಿ, “ಇಲ್ಲಿ ಏನು ಕೇಳಿಸಬೇಕು?” ಎಂದು ವಿಚಾರಿಸುತ್ತೇವೆ. “ಅಳು” ಎಂದು ಎಲ್ಲರೂ ಬರೆಯುತ್ತಾರೆ. ಆಮೇಲೆ ಧ್ವನಿಯೊಡನೆ ತೋರಿಸಿದಾಗ ಆಕೆಯ ಅಳು ಕೇಳಿಸುವುದೇ ಇಲ್ಲ. ಅದರ ಸ್ಥಾನದಲ್ಲಿ ತಾರಷೆಹನಾಯಿಯ ಏರುಸ್ವರ ಮೊರೆಯುತ್ತದೆ. ತರಗತಿ ನಿಶ್ಶಬ್ದವಾಗುತ್ತದೆ. ನಿರ್ದೇಶಕನು ತೆಗೆದುಹಾಕಿದ್ದು ಯಾವುದು, ಅದರ ಬದಲು ಇಟ್ಟದ್ದು ಯಾವುದು, ಹಾಗೇಕೆ ಮಾಡಿದನು ಎಂಬುದನ್ನು ಆಮೇಲೆ ನಾವು ಬೋಧಿಸಬೇಕಾಗಿಲ್ಲ, ವಿದ್ಯಾರ್ಥಿಗಳೇ ಹೇಳುತ್ತಾರೆ.

ಇಷ್ಟು ಕೆದಕಿದರೆ ರಸಭಂಗವಾಗುವುದಿಲ್ಲವೆ ಎಂದು ಕೆಲವು ಮಿತ್ರರು ಆಕ್ಷೇಪಿಸುತ್ತಾರೆ. ರಾಗಲಕ್ಷಣವನ್ನು ಬಲ್ಲವನಿಗೆ ಸಂಗೀತದ ಸವಿ ಕಡಮೆಯಾಗುತ್ತದೆಯೆ? ಇದು ನಗರದ ವಿದ್ಯಾವಂತರ ವಿಲಾಸವೆಂಬುದು ಇನ್ನೊಂದು ಆಕ್ಷೇಪ. ಅದಕ್ಕೆ ಉತ್ತರ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿದೆ. ಆ ಹಳ್ಳಿಯ ನೀನಾಸಮ್ ಸಂಸ್ಥೆಯವರು ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ೧೯೭೩ರಲ್ಲಿ ಚಿತ್ರಸಮಾಜವನ್ನು ಸ್ಥಾಪಿಸಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಕೆ ತೋಟದ ರೈತರ ಮುಂದೆ ಇರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ‘ಪಥೇರ್ ಪಾಂಚಾಲಿ’ಯನ್ನು ತುಣುಕು ತುಣುಕಾಗಿ ಬಿಡಿಸಿ ಪಾಠ ಹೇಳುತ್ತಿದ್ದ ಪ್ರೊಫೆಸರ್ ಸತೀಶ್ ಬಹಾದೂರರಂಥವರ ವಿದ್ಯೆ ಅಲ್ಲಿಯೂ ಫಲಿಸಿತು. ನೋಡುವ ಬುದ್ಧಿಗೆ ಪದವಿಯ ಹಂಗಿಲ್ಲ.

ಇದಕ್ಕೆ ಹೆಚ್ಚಿನ ವೆಚ್ಚವೂ ಬೇಕಾಗಿಲ್ಲ. ವಾರಕ್ಕೊಂದು ಗಂಟೆ, ಐದು ನಿಮಿಷದ ಒಂದು ದೃಶ್ಯ, ನಾಲ್ಕು ಪ್ರಶ್ನೆಗಳು ಸಾಕು. ಕ್ಯಾಮರಾ ಎಲ್ಲಿ ನಿಂತಿದೆ? ಚೌಕಟ್ಟಿನ ಹೊರಗೆ ಏನನ್ನು ಬಿಟ್ಟಿದೆ? ಈ ತುಣುಕಿನ ಪಕ್ಕದಲ್ಲಿ ಆ ತುಣುಕನ್ನು ಇರಿಸಿದವರು ಯಾರು, ಏತಕ್ಕೆ? ನಾವು ನಿಜವಾಗಿ ಕಂಡದ್ದೆಷ್ಟು, ಕಂಡೆವೆಂದು ಊಹಿಸಿದ್ದೆಷ್ಟು? ಶಾಲೆಗಳಲ್ಲಿ ಮಾತ್ರವಲ್ಲ, ಮನೆಯಲ್ಲಿ ಮಕ್ಕಳೊಡನೆ ಕುಳಿತು ಚಿತ್ರವನ್ನು ನೋಡುವ ತಾಯಿತಂದೆಗಳೂ ಇವನ್ನು ಕೇಳಬಹುದು.

ನಾಲ್ಕನೆಯ ಪ್ರಶ್ನೆಯನ್ನು ಅಂದು ನಾವು ಕೇಳಿಕೊಂಡಿದ್ದರೆ, ಎಲ್ಲಿಯೋ ಒಂದು ಸಂತೆಯಲ್ಲಿ ಹಣ್ಣು ಮಾರಿಕೊಂಡಿದ್ದ ಒಬ್ಬ ಮನುಷ್ಯನಿಗೆ ನಮ್ಮ ಬಾಯಿಂದ ಅನ್ಯಾಯವಾಗುತ್ತಿರಲಿಲ್ಲ. ಆ ವಿದ್ಯಾರ್ಥಿನಿ ಈಗ ತಾನೇ ಉಪಾಧ್ಯಾಯಿನಿಯಾಗಿದ್ದಾಳೆ. ಆಕೆಯ ತರಗತಿಯಲ್ಲಿ ನೆರಳುಗಳನ್ನು ಗಮನಿಸುವ ಮಕ್ಕಳು ಹಲವರು ಇರುವರೆಂದು ನಂಬಿದ್ದೇವೆ.